ಗೇಟಿಗೆ ಎಷ್ಟು ಹೆಜ್ಜೆ?

ಮನೆಯ ಮಕ್ಕಳಿಗೆ ಎರಡು ದಿನ ಥೀಮ್ ಪಾರ್ಕ್ ತೋರಿಸಬೇಕೆಂದರೆ ಹೋಟೆಲ್ ಹುಡುಕುವ ಕೆಲಸ ದೊಡ್ಡಪ್ಪನದೇ. ಬೇರೆ ಯಾರೂ ಅದಕ್ಕೆ ಕೈ ಹಾಕುವಂತಿಲ್ಲ. ಫೋಟೋಗಳನ್ನು ಅವರು ನಂಬುವವರಲ್ಲ. ಫೋನ್ ಮಾಡಿ, "ಸ್ವಲ್ಪ ಬಾತ್‌ರೂಮಿಗೆ ಹೋಗಿ ನಲ್ಲಿ ಬಿಡಿ, ನೀರು ಬೀಳೋ ಸದ್ದು ಕೇಳಿಸ್ಲಿ" ಎನ್ನುತ್ತಾರೆ. ಲಿಫ್ಟ್ ಇದೆ ಎಂದರೆ, "ಇದೆ ಸರಿ, ಓಡುತ್ತಾ?" ಎಂದು ಕೆದಕುತ್ತಾರೆ. ಪಾರ್ಕಿನ ಗೇಟು ಹತ್ತಿರವೇ ಎಂದವನನ್ನಂತೂ ಸುಮ್ಮನೆ ಬಿಡುವುದೇ ಇಲ್ಲ: "ಹತ್ತಿರ ಅಂದ್ರೆ ಎಷ್ಟು ಹೆಜ್ಜೆ? ನಡೆದು ನೋಡಿ ಹೇಳಿ, ನಾನು ಲೈನಲ್ಲೇ ಇರ್ತೀನಿ. ದಾಪುಗಾಲು ಹಾಕ್ಬೇಡಿ ಮತ್ತೆ, ನನಗೆ ಮಂಡಿ ನೋವು." ಈ ಸಲ ಒಬ್ಬ ಮ್ಯಾನೇಜರ್ ನಿಜಕ್ಕೂ ಬಿಸಿಲಲ್ಲಿ ಹೋಗಿ ಬಂದು, ಏದುಸಿರು ಬಿಡುತ್ತಾ, "ಇನ್ನೂರ ಹತ್ತು, ಸರ್" ಎಂದ; ಅಲ್ಲೇ ರೂಮು ಬುಕ್ ಆಯಿತು. ದಿನಾ ಬೆಳಗ್ಗೆ ಮೂರು ಮೈಲಿ ಬಿರಬಿರನೆ ನಡೆಯುವ ಮನುಷ್ಯನಿಗೆ ಎಲ್ಲಿಯ ಮಂಡಿ ನೋವು ಎಂದು ಮನೆಯಲ್ಲಿ ಯಾರೂ ಕೇಳುವುದಿಲ್ಲ. ಪಾರ್ಕಿನಲ್ಲಿ ಬೆಂಚು ಕಂಡಲ್ಲೆಲ್ಲ ಅವರು "ಅಮ್ಮಾ..." ಎಂದು ಮಂಡಿ ಹಿಡಿದು ಎಲ್ಲರಿಗಿಂತ ಮೊದಲು ಕೂರುತ್ತಾರೆ. ಹೋದ ವರ್ಷ ಮಂಡಿ ಆಪರೇಷನ್ ಆದರೂ ನೋವೆಂದು ಒಮ್ಮೆಯೂ ಬಾಯಿಬಿಡದ ದೊಡ್ಡಮ್ಮ, "ಇವರನ್ನ ಕಟ್ಕೊಂಡು ಎಲ್ಲಿಗೂ ಹೋಗೋ ಹಾಗಿಲ್ಲ" ಎಂದು ಗೊಣಗುತ್ತಾ ಪಕ್ಕದಲ್ಲಿ ಕೂತು, ಮೆಲ್ಲಗೆ ಕಾಲು ಚಾಚುತ್ತಾರೆ.