ನಗಿಸಿ ಹೆರಿಸಿದ ದುರುಗಜ್ಜಿ

"ತಮ್ಮಾ, ಅಲ್ಲೇ ನಿಂತು ನಿಮ್ಮ ಮಾಮ ಮಾತಾಡ್ದಂಗ ಮಾತಾಡು."

ಮುಚ್ಚಿದ ಬಾಗಿಲೊಳಗಿಂದ ಸೂಲಗಿತ್ತಿ ದುರುಗಜ್ಜಿ ಹೀಗೆಂದಾಗ ನಾನು ಹೊರಗೆ ನಿಂತಿದ್ದೆ. ತೊಂಬತ್ತರ ದಶಕದ ಒಂದು ಮಧ್ಯಾಹ್ನ, ಇಟ್ಟಿಗಿ ಊರಿನ ನಮ್ಮ ಮನೆ. ನಮ್ಮಿಬ್ಬರನ್ನೂ ಭೂಮಿಗೆ ಇಳಿಸಿದ ಕೈಯೇ ತನ್ನ ಕೂಸನ್ನೂ ಹಿಡಿಯಲಿ ಎಂದು ಅಕ್ಕ ಹಟ ಹಿಡಿದು, ಆಸ್ಪತ್ರೆಗೆ ಹೋಗದೆ ಮನೆಯಲ್ಲೇ ಉಳಿದಿದ್ದಳು. ಈಗ ಹೆದರಿ, ಹಲ್ಲು ಕಚ್ಚಿ ಮೈ ಬಿಗಿಹಿಡಿದಿದ್ದಳು. ಕೂಸು ಮುಂದೆ ಬರುತ್ತಿರಲಿಲ್ಲ.

"ಅಕಿ ನಗಬೇಕು. ನಕ್ರ ಮೈ ಸಡ್ಲ ಆಕ್ಕತಿ," ಎಂದಳು ಅಜ್ಜಿ.

ಊರವರನ್ನೆಲ್ಲ ಅಣಕಿಸಿ ಬೈಸಿಕೊಳ್ಳುವುದೇ ನನ್ನ ಉದ್ಯೋಗ. ಆದರೆ ಆಗ ಗಂಟಲಿನಿಂದ ಹೊರಟದ್ದು ಕುರಿಮರಿಯ ದನಿ. ಕೆಮ್ಮಿ ಸರಿಮಾಡಿಕೊಂಡು, ಮಾಮ, ಅಂದರೆ ಅಕ್ಕನ ಗಂಡ, ಹೆಣ್ಣು ನೋಡಲು ಬಂದ ದಿನ ಬಾಯಿ ತುಂಬ ತಿಂಡಿ ಇಟ್ಟುಕೊಂಡು ತಡವರಿಸಿದ್ದನ್ನು ಅವರ ದನಿಯಲ್ಲೇ ಹೇಳಿದೆ: "ಹುಡುಗಿ ಭಾಳ ರುಚಿ ಆಗ್ಯಾಳ... ಅಲ್ರಿ, ಉಪ್ಪಿಟ್ಟು ಒಪ್ಪಿಗಿ ಐತ್ರಿ."

ಅಳುತ್ತಲೇ ಅಕ್ಕ ನಕ್ಕಳು. ನಗು ಚೀರಾಟವಾಯಿತು. ಅದರ ಬೆನ್ನಿಗೇ ನಾನೆಂದೂ ಕೇಳದ ಸಣ್ಣ ದನಿಯೊಂದು ಎದ್ದಿತು. ನಾನಿನ್ನೂ ಉಪ್ಪಿಟ್ಟಿನಲ್ಲೇ ಇದ್ದೆ.

"ಸಾಕು, ಸುಮ್ನಿರಪ. ಈಗ ನಿನ್ನ ಸೊಸಿ ಮಾತಾಡಾಕತ್ಯಾಳ."

ಇಂದಿಗೂ ನನ್ನ ಅಣಕಕ್ಕೆ ಜನ ನಕ್ಕಾಗ ಒಂದು ಗಳಿಗೆ ಮಾತು ನಿಲ್ಲಿಸುತ್ತೇನೆ. ಆ ನಗುವಿನ ಬೆನ್ನಿಗೆ ಇನ್ನೇನು ಬರಲಿದೆಯೋ ಎಂದು ಕಿವಿಗೊಡುತ್ತೇನೆ.