ದೇವರ ಮೀನಿನ ಕತ್ತು

ಎರಡು ಸಾವಿರ ಇಸವಿ ದಾಟಿ ಕೆಲವು ವರ್ಷಗಳಾಗಿದ್ದವು. ನಾನು ಹೊಳೆನರಸೀಪುರದ ಕಾಲೇಜೊಂದರಲ್ಲಿ ಪ್ರಾಣಿಶಾಸ್ತ್ರ ಪಾಠ ಮಾಡುತ್ತಿದ್ದೆ. ಸಮುದ್ರ ನೋಡಿದ್ದು ಒಂದೇ ಸಲ, ಅದೂ ಮೌಲ್ಯಮಾಪನಕ್ಕೆಂದು ಮಂಗಳೂರಿಗೆ ಹೋದಾಗ. ಆದರೂ ಲೈಬ್ರರಿಯ ಒಂದು ಇಂಗ್ಲಿಷ್ ಪತ್ರಿಕೆಯಲ್ಲಿ ಓರ್ಕಾ ತಿಮಿಂಗಿಲಗಳ ಬಗ್ಗೆ ಓದಿ ತಲೆ ಕೆಡಿಸಿಕೊಂಡೆ. ದೂರದ ಒಂದು ಕರಾವಳಿಯಲ್ಲಿ ಅಳಿವಿನ ಅಂಚಿಗೆ ಬಂದ ಆ ಕಪ್ಪು ಬಿಳುಪಿನ ದೈತ್ಯಗಳನ್ನು ಮುಟ್ಟದೆಯೇ ಅವುಗಳ ಆರೋಗ್ಯ ನೋಡಿಕೊಳ್ಳುವವರಿದ್ದರಂತೆ. ಬೆನ್ನಿನ ಮಚ್ಚೆ ನೋಡಿ ಇದು ಇಂಥದ್ದೇ ಎಂದು ಹೇಳುತ್ತಿದ್ದರು. ತಲೆಯ ಹಿಂದಿನ ಕೊಬ್ಬು ಕರಗಿ ತಗ್ಗು ಬಿದ್ದರೆ ಹೊಟ್ಟೆಗಿಲ್ಲ ಎಂದು ತಿಳಿಯುತ್ತಿದ್ದರು. ನೀರಿನಲ್ಲಿ ತೇಲುವ ಸಗಣಿಯನ್ನೂ ಬಾಚಿ ಪರೀಕ್ಷೆಗೆ ಕಳಿಸುತ್ತಿದ್ದರು. ಸಗಣಿ ಬಾಚುವುದರಲ್ಲಿ ನಮ್ಮ ಜಿಲ್ಲೆಯವರನ್ನು ಮೀರಿಸುವವರು ಯಾರು ಎಂದು ನನಗೆ ಹುರುಪು ಬಂತು.

ತಿಮಿಂಗಿಲ ಎಲ್ಲಿಂದ ತರುವುದು? ಕಾವೇರಿಯಲ್ಲಿ ಮಹಶೀರ್ ಇತ್ತು. ಅದೂ ಅಪರೂಪವಾಗುತ್ತಿದ್ದ ಮೀನೇ. ಕೊಣನೂರಿನ ಆಚೆ, ಹೊಳೆದಂಡೆಯ ಪುಟ್ಟ ಗುಡಿಯೊಂದರ ಮೆಟ್ಟಿಲ ಬಳಿ ಅವುಗಳ ಒಂದು ಗುಂಪೇ ಇತ್ತು. ದೇವರ ಮೀನು ಎಂದು ಯಾರೂ ಹಿಡಿಯುತ್ತಿರಲಿಲ್ಲ, ಬಂದವರೆಲ್ಲ ಪುರಿ ಎರಚುತ್ತಿದ್ದರು. ನಾನು ಪ್ರತಿ ಭಾನುವಾರ ಅರಕಲಗೂಡಿನಲ್ಲಿ ಬಸ್ಸು ಬದಲಿಸಿ, ನೋಟ್‌ಬುಕ್ ಕಂಕುಳಲ್ಲಿಟ್ಟುಕೊಂಡು ಅಲ್ಲಿಗೆ ಹೋಗತೊಡಗಿದೆ. ನನ್ನ ಹೆಂಡತಿ ಇದಕ್ಕೆ ಇಟ್ಟ ಹೆಸರನ್ನು ಇಲ್ಲಿ ಬರೆಯುವಂತಿಲ್ಲ.

ಗುಡಿಯ ಅರ್ಚಕರು ಎಪ್ಪತ್ತು ದಾಟಿದವರು. ಒಂದೊಂದು ಮೀನಿನ ಜಾತಕವೂ ಅವರ ಬಾಯಲ್ಲೇ ಇತ್ತು. ಅವುಗಳಲ್ಲೆಲ್ಲ ದೊಡ್ಡದಕ್ಕೆ ಬಾಲ ಹರಿದಿತ್ತು, ಅದನ್ನು ಅಜ್ಜಿ ಎನ್ನುತ್ತಿದ್ದರು. ಪ್ರತಿ ವಾರ ನಾನು ಬಗ್ಗಿ ನೋಡಿದಾಗಲೂ ಅಜ್ಜಿಯ ಹೊಟ್ಟೆ ಗುಂಡಗೆ ಇರುತ್ತಿತ್ತು. 'ಉತ್ತಮ' ಎಂದು ಬರೆದುಕೊಂಡು ಬರುತ್ತಿದ್ದೆ. ಆರು ತಿಂಗಳು ಉತ್ತಮವೋ ಉತ್ತಮ. ಸ್ಟಾಫ್ ರೂಮಿನಲ್ಲಿ ನನ್ನ ಕೊಚ್ಚಿಕೊಳ್ಳುವಿಕೆಗೆ ಮಿತಿಯೇ ಇರಲಿಲ್ಲ.

ಒಂದು ಭಾನುವಾರ ಪಕ್ಕದಲ್ಲೇ ಎಮ್ಮೆ ಮೈ ತೊಳೆಯುತ್ತಿದ್ದ ಹೆಂಗಸೊಬ್ಬಳು ನನ್ನ ಬರವಣಿಗೆಯನ್ನು ಬಹಳ ಹೊತ್ತು ನೋಡಿದಳು. ಏನು ಬರೀತೀರಿ ಎಂದು ಕೇಳಿದಳು. ಮೀನು ಪುಷ್ಟಿಯಾಗಿವೆ ಎಂದು ಬರೆಯುತ್ತಿದ್ದೇನೆ ಎಂದೆ. ಅವಳಿಗೆ ನಗು ತಡೆಯಲಾಗಲಿಲ್ಲ.

"ವಟ್ಟೆ ನೋಡ್‌ಬ್ಯಾಡಿ ಸಾ, ಕತ್ತು ನೋಡಿ. ಸಂತೆಗೆ ಒಡ್ಕೊಂಡೋಗೋ ದನಕ್ಕೆ ನೀರು ಕುಡ್ಸಿ ವಟ್ಟೆ ಉಬ್ಸಲ್ವಾ, ಅಂಗೈತೆ ಇದು. ಬೆಳಗ್ಗೆ ಐನೋರು ಕುಕ್ಕೆಗಟ್ಲೆ ಅನ್ನ ಸುರುದ್ರಲ್ಲ."

ನೋಡಿದೆ. ಅಜ್ಜಿಯ ತಲೆಯ ಹಿಂದೆ ಬೆರಳಿಡುವಷ್ಟು ತಗ್ಗು ಬಿದ್ದಿತ್ತು. ಪತ್ರಿಕೆಯಲ್ಲಿ ಓದಿ ಅಡಿಗೆರೆ ಎಳೆದಿದ್ದ ವಿಷಯ ನನಗೆ ಎದುರಿಗಿದ್ದರೂ ಕಂಡಿರಲಿಲ್ಲ. ನಾಚಿಕೆಗೆ ಕೋಪವೂ ಸೇರಿ, ಸೀದಾ ಗುಡಿಗೆ ಹೋಗಿ ಅರ್ಚಕರ ಮೇಲೆ ಹರಿಹಾಯ್ದೆ. ನನ್ನ ಆರು ತಿಂಗಳನ್ನು ನೀರುಪಾಲು ಮಾಡಿದಿರಿ ಎಂದೆ. ಅವರು ಗಂಧ ತೇಯುವುದನ್ನು ನಿಲ್ಲಿಸಿ ತಲೆ ತಗ್ಗಿಸಿದರು.

"ನೀವು ನೋಡೋಕೆ ಬರೋ ದಿನ ಅವು ಹಸ್ಕೊಂಡಿರಬಾರದು ಅಂತ ಹಾಕ್ತಿದ್ದೆ ಸಾರ್. ಕಾಯಿಲೆ ಅಂತ ನೀವು ಬರೆದ್ರೆ ಇಲಾಖೆಯವರು ಬಲೆ ಹಾಕಿ ಎತ್ಕೊಂಡು ಹೋಗ್ತಾರೆ. ಆಮೇಲೆ ನಾನು ಯಾರ ಮುಖ ನೋಡ್ಕೊಂಡು ಇಲ್ಲಿರ್ಲಿ?"

ಹೆಣ್ಣು ನೋಡಲು ಬರುವವರ ಮುಂದೆ ಮಗಳನ್ನು ಸಿಂಗರಿಸಿ ಕೂರಿಸುವಂತೆ ಅವರು ಮೀನುಗಳನ್ನು ನನಗೆ ತೋರಿಸುತ್ತಿದ್ದರು. ನನ್ನ ಕೋಪ ಅಲ್ಲೇ ಇಳಿಯಿತು. ಆದರೆ ಅಜ್ಜಿ ಸೊರಗುತ್ತಿದ್ದುದಂತೂ ನಿಜ.

ಮೀನು ಬಲ್ಲ ಸ್ನೇಹಿತರೊಬ್ಬರನ್ನು ಹಾಸನದಿಂದ ಕರೆತಂದೆ. ಅವರು ಎರಡು ದಿನ ದಡದಲ್ಲಿ ಕೂತು ನೋಡಿ, ಬಲೆಯೂ ಬೇಡ ಔಷಧಿಯೂ ಬೇಡ ಎಂದರು. ಅನ್ನ, ಪುರಿಯಿಂದ ಹೊಟ್ಟೆ ತುಂಬುತ್ತದೆ, ಮೈ ಹತ್ತುವುದಿಲ್ಲ. ಹೊಳೆಯಲ್ಲಿ ಏಡಿ, ಹುಳು, ಶಂಖದ ಹುಳು ಬೇಕಾದಷ್ಟಿವೆ. ಹುಡುಕಿ ತಿನ್ನುವುದನ್ನೇ ಇವು ಬಿಟ್ಟಿವೆ. ಮಳೆಗಾಲ ಮುಗಿಯುವವರೆಗೆ ಯಾರೂ ಒಂದಗುಳೂ ಹಾಕಕೂಡದು ಎಂದು ಕಡ್ಡಿ ಮುರಿದಂತೆ ಹೇಳಿದರು.

ಕಾಯುವ ಕೆಲಸವನ್ನು ಅರ್ಚಕರೇ ವಹಿಸಿಕೊಂಡರು. ಪುರಿಯ ಪೊಟ್ಟಣ ಹಿಡಿದು ಬಂದವರನ್ನೆಲ್ಲ ಬೈದು ವಾಪಸು ಕಳಿಸಿದರು. ಮೊದಲ ವಾರಗಳಲ್ಲಿ ಅವರು ಮೆಟ್ಟಿಲಿಳಿದರೆ ಸಾಕು, ಮೀನುಗಳು ಬಾಯಿ ತೆರೆದು ಒತ್ತೊತ್ತಾಗಿ ಬರುತ್ತಿದ್ದವು. ಅವರು ಎರಡೂ ಕೈಯನ್ನು ಬೆನ್ನ ಹಿಂದೆ ಕಟ್ಟಿ ನಿಲ್ಲುತ್ತಿದ್ದರು. ನನಗೆ ನೋಡಲಾಗುತ್ತಿರಲಿಲ್ಲ.

ದಸರಾ ಕಳೆದ ಮೇಲೆ ಒಂದು ಭಾನುವಾರ ಹೋದಾಗ ಮೆಟ್ಟಿಲ ಬಳಿ ಒಂದು ಮೀನೂ ಇರಲಿಲ್ಲ. ಅರ್ಚಕರು ಹೊಳೆಯ ನಡುವಿನ ಬಂಡೆಗಳ ಕಡೆ ಕೈ ತೋರಿಸಿದರು. ಹರಿಯುವ ನೀರಿನಲ್ಲಿ ಅಜ್ಜಿ ಹರಕು ಬಾಲ ಬೀಸಿ ಹೊರಳಿದಳು. ಕತ್ತು ತುಂಬಿಕೊಂಡು ಗಟ್ಟಿಯಾಗಿತ್ತು. ಅರ್ಚಕರು ನೀರಿಗಿಳಿದು, ಅನ್ನ ಹಾಕುತ್ತಿದ್ದ ದಿನಗಳಂತೆ ಚಪ್ಪಾಳೆ ತಟ್ಟಿ ಕರೆದರು. ಯಾವುದೂ ಇತ್ತ ತಿರುಗಲಿಲ್ಲ.

"ಚೆನ್ನಾಗಿವೆ ಅಂತ ಬರ್ಕೊಳ್ಳಿ ಸಾರ್," ಎಂದರು. "ಈಗ ಅವಕ್ಕೆ ನಾನು ಬೇಡ."

ಉತ್ತಮ ಎಂದು ಬರೆದೆ. ಆ ನೋಟ್‌ಬುಕ್ಕಿನಲ್ಲಿ ನಾನು ಬರೆದ ಮೊದಲ ನಿಜ ಅದು. ತಲೆಯೆತ್ತಿ ಅವರ ಮುಖ ನೋಡಲು ನನಗೆ ಧೈರ್ಯವಾಗಲಿಲ್ಲ.