ಟವೆಲ್ಲು ಹಾಸಿದ ಜಾಗ

ನನಗೆ ಒಂದು ಕಡೆ ಕೂತು ಗೊತ್ತಿಲ್ಲ. ಈಗಲೂ ಟೀವಿ ಮುಂದೆ ಕೂತರೆ ಹತ್ತು ನಿಮಿಷಕ್ಕೆ ಎದ್ದು ಹಿತ್ತಲಿಗೆ ಹೋಗುತ್ತೇನೆ, ಬಾಗಿಲಿಗೆ ಬರುತ್ತೇನೆ, ಮತ್ತೆ ಒಳಗೆ ಹೋಗುತ್ತೇನೆ. ‘ಯಾಕಬೇ, ಇರಿವಿ ಕಡದಾವೇನು?’ ಎಂದು ಮನೆಯವರು ರೇಗಿಸುತ್ತಾರೆ. ನಾನು ನಗುತ್ತೇನೆ. ಕಡಿಯುತ್ತಿರುವುದು ಏನೆಂದು ಇಷ್ಟು ವರ್ಷ ಯಾರ ಮುಂದೆಯೂ ಬಾಯಿ ಬಿಟ್ಟಿಲ್ಲ.

ಮುದಗಲ್ಲಿನಲ್ಲಿ ಹುಟ್ಟಿ, ಕೋಟೆ ಗೋಡೆಯ ಮೇಲೆ ಓಡಾಡಿಕೊಂಡು ಬೆಳೆದವಳನ್ನು ಎಂಬತ್ತರ ದಶಕದ ಆರಂಭದಲ್ಲಿ ಮಸ್ಕಿಗೆ ಕೊಟ್ಟರು. ಗಂಡನದು ಕಿರಾಣಿ ಅಂಗಡಿ. ಮುಂದೆ ಅಂಗಡಿ, ನಡುವೆ ಪಡಸಾಲೆ, ಹಿಂದೆ ಅಡುಗೆಮನೆ, ಅಷ್ಟೇ ನನ್ನ ಪ್ರಪಂಚ. ಅತ್ತೆ ಕೆಟ್ಟವರಲ್ಲ. ದಿನಕ್ಕೆ ಎರಡು ಸಲ ಪೂಜೆ ಮಾಡುವವರು, ಬಾಯಿಂದ ಒಂದು ಕೆಟ್ಟ ಮಾತು ಬಂದದ್ದನ್ನು ನಾನು ಕೇಳಿಲ್ಲ. ಆದರೆ ಸೊಸೆ ಹೊಸ್ತಿಲು ದಾಟಬೇಕೆಂದರೆ ಒಂದು ಕಾರಣ ಬೇಕಿತ್ತು. ನನ್ನ ಕಾರಣ ಹಿಟ್ಟಿನ ಗಿರಣಿ.

ಗಿರಣಿ ಬಸ್‌ಸ್ಟ್ಯಾಂಡಿನ ಹತ್ತಿರ. ಅದರ ಎದುರಿಗೇ ಥೇಟರು. ಥೇಟರು ಅಂದರೆ ಏನು ಮಹಾ! ನಾಲ್ಕು ಗೋಡೆ, ಮೇಲೆ ತಗಡು, ಮುಂದೆ ಬಿಳಿ ಪರದೆ. ಹೆಂಗಸರ ಕಡೆ ಬೆನ್ನು ಆನಿಸಲು ಏನೂ ಇಲ್ಲದ ಬೆಂಚುಗಳು, ಗಂಡಸರಿಗೂ ನಮಗೂ ನಡುವೆ ಎದೆಮಟ್ಟದ ಒಂದು ಗೋಡೆ. ಬೇಸಿಗೆಯಲ್ಲಿ ಒಳಗೆ ಕೂತರೆ ಹಪ್ಪಳ ಸುಟ್ಟಂಗೆ ಸುಡುತ್ತಿತ್ತು. ಸಂತೆಯ ದಿನ ಮಧ್ಯಾಹ್ನದ ಆಟ ಇರುತ್ತಿತ್ತು. ಸಿಂಧನೂರಿನ ಬಸ್ಸಿನ ಮೇಲೆ ರೀಲಿನ ಡಬ್ಬಿ ಬಂದಿಳಿದರೆ ಛಾವಣಿಯ ಮೇಲಿನ ಮೈಕು ಹಾಡತೊಡಗುತ್ತಿತ್ತು. ಮೊದಲು ಸಿನಿಮಾ ಹಾಡುಗಳು, ಕೊನೆಗೆ ದೇವರ ಹಾಡು. ದೇವರ ಹಾಡು ಬಂತೆಂದರೆ ಆಟ ಶುರುವಾಯಿತು ಎಂದೇ ಲೆಕ್ಕ.

ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತಾ ಆ ಹಾಡು ಕೇಳಿದರೆ ನನ್ನ ಕೈಕಾಲು ನಿಲ್ಲುತ್ತಿರಲಿಲ್ಲ. ಜೋಳದ ಬುಟ್ಟಿ ಸೊಂಟಕ್ಕೆ ಏರಿಸಿ, ‘ಗಿರಣಿಗೆ ಹೋಗಿ ಬರ್ತೀನ್ರಿ ಅತ್ತಿ’ ಎನ್ನುತ್ತಿದ್ದೆ. ಅತ್ತೆಗೆ ಎಲ್ಲ ಗೊತ್ತು. ಆದರೂ ಗೊತ್ತಿಲ್ಲದವರ ಹಾಗೆ, ‘ಸಂತಿ ದಿನ ಗಿರಣ್ಯಾಗ ಗದ್ದಲ ಇರ್ತೈತಿ. ದೀಪ ಹಚ್ಚೂದರಾಗ ಬಾ’ ಎನ್ನುತ್ತಿದ್ದರು. ಗಿರಣಿಯವನ ಹತ್ತಿರ ಬುಟ್ಟಿ ಇಟ್ಟು ರಸ್ತೆ ದಾಟಿದರೆ ಮೂರು ತಾಸು ನನ್ನವು. ನಮ್ಮೂರಿನ ಅರ್ಧ ಸೊಸೆಯಂದಿರು ಹೀಗೆಯೇ ಸಿನಿಮಾ ನೋಡಿದವರು. ಸಂತೆ ದಿನ ಗಿರಣಿಯಲ್ಲಿ ಬುಟ್ಟಿಗಳ ಸಾಲು ಇರುತ್ತಿತ್ತು, ಮಂದಿ ಮಾತ್ರ ಇರುತ್ತಿರಲಿಲ್ಲ.

ಅಲ್ಲಿಯೇ ಆಕೆ ಸಿಕ್ಕದ್ದು. ಮೊದಲ ದಿನ ನಾನು ಒಳಗೆ ಹೋಗುವಷ್ಟರಲ್ಲಿ ಕತ್ತಲೆ. ಎಲ್ಲಿ ಕಾಲಿಡಬೇಕೋ ತಿಳಿಯದೆ ಯಾರದೋ ಕಾಲು ತುಳಿದೆ. ‘ಏ ಯವ್ವಾ, ಕಣ್ಣು ಮನ್ಯಾಗ ಬಿಟ್ಟು ಬಂದೀಯೇನು?’ ಎಂದು ಒಂದು ದನಿ ಬಂತು. ಆಮೇಲೆ ಅದೇ ದನಿ, ‘ಬಾ, ಇಲ್ಲಿ ಕುಂದರು’ ಎಂದು ಬೆಂಚಿನ ಮೇಲಿದ್ದ ಟವೆಲ್ಲು ಎಳೆದುಕೊಂಡಿತು. ಜೊತೆಗೆ ಬರಬೇಕಿದ್ದವರಿಗೆಂದು ಹಿಡಿದ ಜಾಗವಂತೆ. ಅವರು ಬರಲಿಲ್ಲ, ನಾನು ಬಂದೆ. ಆವತ್ತಿನಿಂದ ಆ ಜಾಗ ನನ್ನದಾಯಿತು.

ಆಕೆ ನನಗಿಂತ ತುಸು ಹಿರಿಯಳಿರಬೇಕು. ಹೊಲದ ಕೆಲಸದ ಒರಟು ಕೈ, ಗಟ್ಟಿ ಗಂಟಲು. ಬಿಸಿಲಿಗೆ ತಲೆಗೆ ಸುತ್ತಿಕೊಳ್ಳುವ ಕೆಂಪು ಅಂಚಿನ ಟವೆಲ್ಲನ್ನೇ ಬೆಂಚಿಗೆ ಹಾಸಿ ಕೂತಿರುತ್ತಿದ್ದಳು. ನಾನು ತಡವಾದರೆ ಆ ಜಾಗಕ್ಕೆ ನಾಲ್ಕು ಮಂದಿ ಜಗಳಕ್ಕೆ ಬರುತ್ತಿದ್ದರು. ಆಕೆ ಜಪ್ಪಯ್ಯ ಅಂದರೂ ಬಿಡುತ್ತಿರಲಿಲ್ಲ. ‘ಮಂದಿ ಅದಾರ, ಬರ್ತಾರ!’ ಎಂದು ಅವಳು ಒದರುವುದು ನನಗೆ ಬಾಗಿಲಲ್ಲೇ ಕೇಳಿಸುತ್ತಿತ್ತು. ಆ ಮಾತು ಕೇಳಿದರೆ ಎಷ್ಟು ಖುಷಿ! ಈ ಊರಲ್ಲಿ ನನಗಾಗಿ ಒಬ್ಬಳು ಜಗಳವಾಡುತ್ತಿದ್ದಾಳಲ್ಲ ಎಂದು.

ಒಂದೇ ಸೆರಗಿನಲ್ಲಿ ಶೇಂಗಾ ಸುರುವಿಕೊಂಡು ತಿನ್ನುತ್ತಿದ್ದೆವು. ಅವಳು ಸುಲಿದು ಕೊಡುತ್ತಿದ್ದಳು, ನಾನು ಬಾಯಿಗೆ ಹಾಕಿಕೊಳ್ಳುತ್ತಿದ್ದೆ. ಅಳುವ ದೃಶ್ಯ ಬಂದರೆ ಇಬ್ಬರೂ ಅವಳ ಟವೆಲ್ಲಿನಲ್ಲೇ ಮೂಗು ಒರೆಸಿಕೊಳ್ಳುತ್ತಿದ್ದೆವು. ಖಳನಾಯಕ ಬಂದರೆ ಅವಳು ಪರದೆಗೇ ಬೈಯುತ್ತಿದ್ದಳು: ‘ನಿನ್ನ ಬಾಯಾಗ ಮಣ್ಣು ಹಾಕ!’ ರೀಲು ಹರಿದು ದೀಪ ಹತ್ತಿದಾಗ ಅತ್ತೆ, ಗಂಡ, ಮಕ್ಕಳು, ಮೊಣಕಾಲ ನೋವು, ಎಲ್ಲ ಮಾತಾಡಿಕೊಳ್ಳುತ್ತಿದ್ದೆವು.

ಒಂದನ್ನು ಮಾತ್ರ ಕೇಳಲಿಲ್ಲ. ನಮ್ಮ ಕಡೆ ಯಾರಾದರೂ ಎದುರಾದರೆ ಮೊದಲು ಕೇಳುವುದೇ, ‘ಯಾವ ಓಣಿ? ಯಾರ ಪೈಕಿ?’ ಎಂದು. ನೀರು ಕೊಡುವ ಮೊದಲು ಕೇಳುತ್ತಾರೆ. ಅದಕ್ಕೆ ಉತ್ತರ ಸಿಕ್ಕ ಮೇಲೆಯೇ ಆ ಮನುಷ್ಯ ಎಲ್ಲಿ ಕೂರಬೇಕು, ಯಾವ ಲೋಟದಲ್ಲಿ ಕುಡಿಯಬೇಕು ಎಂಬುದು ತೀರ್ಮಾನವಾಗುವುದು. ಆಕೆ ನನ್ನನ್ನು ಕೇಳಲಿಲ್ಲ, ನಾನು ಆಕೆಯನ್ನು ಕೇಳಲಿಲ್ಲ. ನಾಲ್ಕೈದು ವರ್ಷ ಹೆಸರೂ ಕೇಳಲಿಲ್ಲ. ‘ಏ ಅಕ್ಕಾ’ ಎಂದರೆ ಇಬ್ಬರಿಗೂ ಸಾಕಾಗಿತ್ತು. ಮರೆತು ಬಿಟ್ಟದ್ದಲ್ಲ, ಕೇಳಿದರೆ ಆ ಬೆಂಚು ಉಳಿಯುವುದಿಲ್ಲ ಎಂದು ಇಬ್ಬರಿಗೂ ಒಳಗೊಳಗೇ ಗೊತ್ತಿತ್ತು.

ಇಷ್ಟು ಚಂದ ನಡೆದದ್ದಕ್ಕೆ ಕಲ್ಲು ಹಾಕಿದವಳು ನಾನೇ. ಲಿಂಗಸುಗೂರಿನ ನೆಂಟರ ಮನೆಗೆ ಮದುವೆಗೆ ಹೋದಾಗ ಅವರ ಪಡಸಾಲೆಯಲ್ಲಿ ಟೀವಿ ನೋಡಿದೆ. ಮನೆಯಲ್ಲೇ ಸಿನಿಮಾ! ಬುಟ್ಟಿ ಹೊರಬೇಕಿಲ್ಲ, ಸುಳ್ಳು ಹೇಳಬೇಕಿಲ್ಲ. ನನಗೆ ತಲೆ ಕೆಟ್ಟುಹೋಯಿತು. ಊರಿಗೆ ಬಂದು ಗಂಡನ ಬೆನ್ನು ಹತ್ತಿದೆ. ಅವರು ‘ನೋಡೋಣು ತಡಿ’ ಎಂದರೆ ಮುನಿಸಿಕೊಂಡು ಉಣ್ಣದೆ ಮಲಗಿದೆ. ಕೊನೆಗೆ ಅವರು ಸಿಂಧನೂರಿಗೆ ಹೋಗಿ, ಕೌದಿಯಲ್ಲಿ ಸುತ್ತಿ, ಕೂಸನ್ನು ತಂದ ಹಾಗೆ ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಒಂದು ಟೀವಿ ತಂದರು. ಅತ್ತೆ ಅದಕ್ಕೆ ಕುಂಕುಮ ಹಚ್ಚಿದರು. ನಾನು ಓಣಿಗೆಲ್ಲ ಸಕ್ಕರೆ ಹಂಚಿದೆ. ಎಂಥ ಹುಚ್ಚಿ ನಾನು!

ಮುಂದಿನ ಸಂತೆಗೆ ಬುಟ್ಟಿ ಎತ್ತಿಕೊಂಡೆ. ಅತ್ತೆ ನಗುತ್ತಾ ಅಡ್ಡ ಬಂದರು. ‘ಇನ್ನ ಗಿರಣಿ ಯಾಕಬೇ? ಮನ್ಯಾಗ ಬಂದೈತಲ್ಲ. ಆಳಿನ ಕೈಯಾಗ ಕೊಟ್ಟು ಕಳಸು.’ ನಾನು ಬುಟ್ಟಿ ಕೆಳಗಿಟ್ಟೆ. ಮೈಕಿನಲ್ಲಿ ದೇವರ ಹಾಡು ಬಂತು, ಮುಗಿಯಿತು. ಅಲ್ಲಿ ಕತ್ತಲಲ್ಲಿ ಒಂದು ಟವೆಲ್ಲು ನನಗಾಗಿ ಹಾಸಿದೆ, ಅವಳು ಒದರುತ್ತಿದ್ದಾಳೆ ಎಂದು ನೆನಸಿಕೊಂಡು ಹಿತ್ತಲಿಗೂ ಬಾಗಿಲಿಗೂ ಓಡಾಡಿದೆ. ಆ ಓಡಾಟ ಶುರುವಾದದ್ದು ಆವತ್ತೇ.

ಟೀವಿಯಲ್ಲಾದರೂ ನೆಟ್ಟಗೆ ಸಿನಿಮಾ ನೋಡಿದೆನೇ? ಅದೂ ಇಲ್ಲ. ಆದಿತ್ಯವಾರ ಸಂಜೆಯ ಸಿನಿಮಾಕ್ಕೆ ಪಡಸಾಲೆ ತುಂಬುತ್ತಿತ್ತು. ಮುಂದೆ ಖುರ್ಚಿಯ ಮೇಲೆ ಗಂಡಸರು, ಚಾಪೆಯ ಮೇಲೆ ನಮ್ಮ ಓಣಿಯ ಹೆಂಗಸರು. ಬೇರೆ ಓಣಿಯವರು ಪಕ್ಕದ ಬಾಗಿಲಾಚೆ ಅಂಗಳದಲ್ಲಿ. ಯಾರನ್ನು ಎಲ್ಲಿ ಕೂರಿಸಬೇಕೆಂದು ಅತ್ತೆಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ನಾನು ಚಹಾ ಕಾಸುವುದು, ಲೋಟ ತೊಳೆಯುವುದು, ‘ಆಂಟೆನಾ ತಿರುಗಸ್ರಿ’ ಎಂದು ಒದರುವುದು. ಕಥೆ ನನಗೆ ಅಡುಗೆಮನೆಯ ಗೋಡೆಯಿಂದ ಕೇಳಿಸುತ್ತಿತ್ತು, ಅಷ್ಟೇ.

ಅಂಥದೊಂದು ಆದಿತ್ಯವಾರ ಚಹಾದ ತಟ್ಟೆ ಹಿಡಿದು ಬಾಗಿಲಿಗೆ ಬಂದೆ. ಅಂಗಳದ ಗುಂಪಿನಲ್ಲಿ ಕೆಂಪು ಅಂಚಿನ ಟವೆಲ್ಲು ಕಂಡಿತು. ಅವಳೇ! ಹಗಲ ಬೆಳಕಿನಲ್ಲಿ ಅವಳ ಮುಖವನ್ನು ಅಷ್ಟು ಹೊತ್ತು ನೋಡಿದ್ದು ಅದೇ ಮೊದಲು. ಅವಳೂ ನನ್ನನ್ನು ನೋಡಿದಳು. ಮುಖ ಊರಗಲ ಆಯಿತು. ಎದ್ದು ನಿಂತು, ಥೇಟರಿನ ಅದೇ ದನಿಯಲ್ಲಿ, ‘ಏ ಅಕ್ಕಾ! ನೀ ಇಲ್ಲಿ ಅದೀಯೇನು? ನಿನ್ನ ದಾರಿ ನೋಡಿ ನೋಡಿ ನನ್ನ ಕಣ್ಣು ಬಿದ್ದು ಹೋದ್ವಲ್ಲಬೇ!’ ಎಂದಳು.

ಪಡಸಾಲೆಯ ಅಷ್ಟೂ ತಲೆಗಳು ತಿರುಗಿದವು. ನನ್ನ ಓಣಿಯ ಹೆಂಗಸೊಬ್ಬಳು, ಅವಳು ಊರಾಚೆಯ ಓಣಿಯವಳು ಎಂದು ಪಕ್ಕದವಳ ಕಿವಿಯಲ್ಲಿ ಹೇಳಿದ್ದು ನನಗೂ ಕೇಳಿಸಿತು. ಅತ್ತೆ ನನ್ನ ಮುಖ ನೋಡಿದರು. ದನಿ ಏರಿಸಲಿಲ್ಲ.

‘ಯಾರಬೇ ಆಕಿ? ನಿನಗ ಹೆಂಗ ಗುರ್ತು?’

ಒಂದು ಮಾತು ಸಾಕಿತ್ತು. ‘ನನ್ನ ಗೆಳತಿರೀ’ ಎಂದಿದ್ದರೆ ಆಕಾಶವೇನೂ ಬೀಳುತ್ತಿರಲಿಲ್ಲ. ಬಹಳ ಅಂದರೆ ಅತ್ತೆ ಎರಡು ದಿನ ಮಾತು ಬಿಡುತ್ತಿದ್ದರು. ಆದರೆ ನನ್ನ ಬಾಯಿಂದ ಬಂದದ್ದು ಬೇರೆ.

‘ನನಗೇನು ಗೊತ್ತಿಲ್ರಿ ಅತ್ತಿ. ಯಾರನ್ನೋ ಅಂದುಕೊಂಡಾಳ.’

ಅವಳು ಕೇಳಿಸಿಕೊಂಡಳು. ನಾಲ್ಕು ಮಾರು ದೂರ, ಕೇಳಿಸದೆ ಏನು? ಅಂಥ ಬಾಯಿಯ ಹೆಂಗಸು! ಬೈದಿದ್ದರೆ ಚೆನ್ನಾಗಿತ್ತು. ಪರದೆಯ ಮೇಲಿನ ಖಳನಿಗೆ ಬೈದ ಹಾಗೆ ನನ್ನ ಬಾಯಿಗೂ ಮಣ್ಣು ಹಾಕಬಹುದಿತ್ತು. ಸುಮ್ಮನೆ ಕೂತಳು. ನಾನು ಒಳಗೆ ಹೋಗಿ ಖಾಲಿ ಲೋಟಗಳನ್ನು ಮತ್ತೆ ಮತ್ತೆ ತೊಳೆದೆ. ತಿರುಗಿ ಬರುವಷ್ಟರಲ್ಲಿ ಅವಳಿರಲಿಲ್ಲ. ಸಿನಿಮಾ ಇನ್ನೂ ಅರ್ಧ ಉಳಿದಿತ್ತು. ಸಿನಿಮಾ ಅರ್ಧಕ್ಕೆ ಬಿಟ್ಟು ಏಳುವವಳೇ ಅಲ್ಲ ಅವಳು.

ಆಮೇಲೆ ನನಗೆ ಒಂದೇ ಹುಚ್ಚು. ಹೇಗಾದರೂ ಮಾಡಿ ಥೇಟರಿಗೆ ಹೋಗಬೇಕು, ಆ ಬೆಂಚಿನ ಮೇಲೆ ಅವಳ ಪಕ್ಕ ಕೂತು ತಪ್ಪಾಯಿತು ಅನ್ನಬೇಕು. ಅವಳ ಓಣಿ ಯಾವುದು ಎಂದು ಈಗ ಗೊತ್ತಿತ್ತಲ್ಲ, ನೆಟ್ಟಗೆ ಅಲ್ಲಿಗೇ ಹೋಗಬಹುದಿತ್ತಲ್ಲ ಎಂದು ನೀವು ಕೇಳಬಹುದು. ಹೋಗಬಹುದಿತ್ತು. ಹೋಗಲಿಲ್ಲ. ಧೈರ್ಯ ಇರಲಿಲ್ಲ ಎನ್ನುವುದು ಅರ್ಧ ಸತ್ಯ. ಹಗಲಲ್ಲಿ ಆ ಓಣಿಗೆ ಕಾಲಿಟ್ಟರೆ ನೋಡಿದವರು ಏನಂದಾರು ಎಂಬುದು ಉಳಿದರ್ಧ. ನನಗೆ ಕತ್ತಲೆಯೇ ಬೇಕಿತ್ತು, ಥೇಟರಿನ ಕತ್ತಲೆ.

ಎಷ್ಟೋ ತಿಂಗಳ ಮೇಲೆ ಅತ್ತೆ ಸಿಂಧನೂರಿನ ಮಗಳ ಮನೆಗೆ ಹೋದರು. ಸಂತೆಯ ದಿನ ನಾನು ಬುಟ್ಟಿ ಎತ್ತಿಕೊಂಡು ಓಡಿದೆ. ಗಿರಣಿಯಲ್ಲಿ ಬುಟ್ಟಿಗಳ ಸಾಲು ಇರಲಿಲ್ಲ. ಆ ಹೊತ್ತಿಗೆ ಓಣಿಗೊಂದು ಆಂಟೆನಾ ಎದ್ದಿತ್ತು, ವೀಡಿಯೋ ಬಾಡಿಗೆ ಕೊಡುವ ಅಂಗಡಿಯೂ ಬಂದಿತ್ತು. ಥೇಟರಿನ ಹೆಂಗಸರ ಕಡೆ ಮುದುಕಿಯರಿಬ್ಬರು ಬಿಟ್ಟರೆ ಯಾರೂ ಇಲ್ಲ. ಬೆಂಚಿಗೆ ಬೆಂಚೇ ಖಾಲಿ, ಹಿಡಿದಿಡುವ ಅಗತ್ಯವೇ ಇಲ್ಲ. ಆದರೂ ನಮ್ಮ ಬೆಂಚಿಗೆ ಹೋಗಿ, ಮನೆಯಿಂದ ಒಯ್ದಿದ್ದ ಟವೆಲ್ಲು ಹಾಸಿ ಪಕ್ಕದಲ್ಲಿ ಕೂತೆ. ಸೆರಗಿನಲ್ಲಿ ಶೇಂಗಾ ಕಟ್ಟಿಕೊಂಡಿದ್ದೆ. ಕೂತೆ, ಎದ್ದೆ, ಬಾಗಿಲಿಗೆ ಹೋದೆ, ಮತ್ತೆ ಕೂತೆ.

ದೇವರ ಹಾಡು ಮುಗಿಯಿತು. ದೀಪ ಆರಲಿಲ್ಲ. ಗೇಟಿನವನು ಒಳಗೆ ಬಂದು, ‘ಏಳ್ರಿ ಅಕ್ಕಾರ. ಇಷ್ಟ ಮಂದಿಗೆ ಮಷೀನು ಹಚ್ಚಾಕ ಆಗಂಗಿಲ್ಲಂತ’ ಎಂದ.

‘ಇನ್ನೊಬ್ರು ಬರೋರದಾರಪಾ. ಒಂದೀಟು ತಡಿ’ ಎಂದೆ.

‘ಇನ್ನೊಬ್ರು ಬಂದ್ರ ಏನಾತ್ರಿ? ಇನ್ನೂ ಐವತ್ತು ಮಂದಿ ಬೇಕು.’ ಬೈಗುಳವೇನಲ್ಲ, ಅವನಿಗೂ ಬೇಸರವಾಗಿತ್ತು. ಟವೆಲ್ಲು ಮಡಚಿಕೊಂಡು ಹೊರಗೆ ಬಂದೆ. ಆ ವರ್ಷವೇ ಥೇಟರಿಗೆ ಬೀಗ ಬಿತ್ತು. ಪರದೆ ಇದ್ದ ಗೋಡೆಗೆ ಬಾಗಿಲು ಒಡೆದು ಹತ್ತಿಯ ಗೋದಾಮು ಮಾಡಿದರು. ಮೈಕು ಮಾತ್ರ ಬಹಳ ದಿನ ಛಾವಣಿಯ ಮೇಲೆಯೇ ಇತ್ತು.

ಆಮೇಲೆ ನಾಲ್ಕಾರು ವರ್ಷ ಕಳೆದಿರಬೇಕು. ಲಿಂಗಸುಗೂರಿನ ಮೇಲೆ ತವರಿಗೆ ಹೋಗಲು ಒಬ್ಬಳೇ ಬಸ್ಸು ಹತ್ತಿದೆ. ಸಂತೆಯ ದಿನ, ಕಾಲಿಡಲು ಜಾಗವಿಲ್ಲ. ತಳ್ಳಿಕೊಂಡು ಒಳಗೆ ಹೋದರೆ ಕಿಟಕಿಯ ಪಕ್ಕ ಅವಳು. ಕೂದಲು ಅಲ್ಲಲ್ಲಿ ನರೆತಿತ್ತು. ಪಕ್ಕದ ಸೀಟಿನ ಮೇಲೆ ಅದೇ ಕೆಂಪು ಅಂಚಿನ ಟವೆಲ್ಲು.

ಹತ್ತಿರ ಹೋಗಿ ನಿಂತು, ‘ಅಕ್ಕಾ...’ ಎಂದೆ. ಅವಳು ತಲೆ ಎತ್ತಿ ನೋಡಿದಳು. ಗುರುತು ಸಿಕ್ಕಿತು, ಅದು ಕಣ್ಣಲ್ಲೇ ಕಂಡಿತು. ನನ್ನನ್ನು ಮೇಲಿಂದ ಕೆಳಗಿನವರೆಗೆ ಒಂದು ಸಲ ನೋಡಿ ಟವೆಲ್ಲಿನ ಮೇಲೆ ಕೈ ಇಟ್ಟಳು.

‘ಮಂದಿ ಅದಾರ. ಬರ್ತಾರ’ ಎಂದಳು. ಮುಖ ಕಿಟಕಿಗೆ ತಿರುಗಿಸಿದಳು.

ಬಸ್ಸು ಹೊರಟಿತು. ಯಾರೂ ಬರಲಿಲ್ಲ. ಹಳ್ಳಿಗೊಂದು ಸ್ಟಾಪು, ಮಂದಿ ಇಳಿದರು, ಹತ್ತಿದರು, ಆ ಸೀಟು ಹಾಗೆಯೇ ಇತ್ತು. ನಾನು ಅದರ ಕಂಬಿ ಹಿಡಿದು ನಿಂತೇ ಇದ್ದೆ. ತಪ್ಪಾಯಿತು ಎನ್ನುವ ಮಾತು ನಾಲಿಗೆ ತುದಿಗೆ ಬಂದು ಬಂದು ಹೋಯಿತು. ಅಷ್ಟು ಮಂದಿಯ ನಡುವೆ, ಹಗಲಲ್ಲಿ, ಆವತ್ತೂ ನನ್ನ ಬಾಯಿ ಏಳಲಿಲ್ಲ.

ಅರ್ಧ ದಾರಿಯಲ್ಲಿ ಟಿಕೇಟು ಹರಿಯುತ್ತಾ ಬಂದ ಕಂಡಕ್ಟರು ಅವಳ ಮೇಲೆ ರೇಗಿದ. ‘ಏ ಯವ್ವಾ, ಟವೆಲ್ ತಗಿ. ಮಂದಿ ನಿಂತಾರ, ಕಾಣಂಗಿಲ್ಲೇನು? ರೀ ಅಕ್ಕಾರ, ನೀವು ಕುಂದರ್ರಿ.’ ಟವೆಲ್ಲಿಗೆ ಕೈ ಹಾಕಿದ. ಅವಳು ಅವನ ಕಡೆ ನೋಡಲಿಲ್ಲ, ನನ್ನ ಕಡೆಗೂ ನೋಡಲಿಲ್ಲ. ಕಿಟಕಿಯಾಚೆಯೇ ನೋಡುತ್ತಿದ್ದಳು.

ನಾನು ಅವನ ಕೈ ಹಿಡಿದೆ. ‘ಅದನ್ನ ಮುಟ್ಟಬ್ಯಾಡಪಾ’ ಎಂದೆ. ನನ್ನ ಗಂಟಲು ಅಷ್ಟು ಗಟ್ಟಿ ಇದೆ ಎಂದು ನನಗೇ ಗೊತ್ತಿರಲಿಲ್ಲ, ಇಡೀ ಬಸ್ಸಿಗೆ ಕೇಳಿಸಿತು. ‘ಮಂದಿ ಅದಾರ, ಬರ್ತಾರ!’

ಅವಳು ತಿರುಗಲಿಲ್ಲ. ಲಿಂಗಸುಗೂರಿನವರೆಗೆ ನಾನು ನಿಂತುಕೊಂಡೇ ಹೋದೆ.